ಜೊತೆಗೆ ಬಂದಾಕೆ

"ಎಡಕ್ಕೆ ಯಾಕ್ರೀ ಎಳೀತಿದೀರಿ?" ಎಂದು ಸುಮನಾ ಕೇಳಿ ಮುಗಿಸುವಷ್ಟರಲ್ಲಿ ಓಮ್ನಿಯ ಮುಂದಿನ ಚಕ್ರ ಚರಂಡಿಗಿಳಿಯಿತು. ಗಾಡಿ ಕಾಫಿ ತೋಟದ ಬೇಲಿಗೆ ಒರಗಿ ನಿಂತುಹೋಯಿತು. ಮೋಹನ್ ಇನ್ನೂ ಎಡಗೈಯಲ್ಲಿ ಸ್ಟೇರಿಂಗ್ ಹಿಡಿದೇ ಇದ್ದ. ಬಲಗೈ ತೊಡೆಯ ಮೇಲೆ ಬಿದ್ದಿತ್ತು. ಅವಳತ್ತ ತಿರುಗಿ ಏನೋ ಹೇಳಿದ. ಅದು ಮಾತಾಗಿರಲಿಲ್ಲ. ಬಾಯಿ ಒಂದು ಕಡೆಗೆ ಜಾರಿತ್ತು.

ಹಾನುಬಾಳು ದಾಟುವಾಗ ಚೆನ್ನಾಗಿಯೇ ಇದ್ದ. ಸಕಲೇಶಪುರದ ಹಾಸ್ಟೆಲಿನಲ್ಲಿದ್ದ ಮಗಳನ್ನು ನೋಡಿ ಬರೋಣವೆಂದು ಊಟ ಮಾಡಿ ಹೊರಟಿದ್ದರು. ದಾರಿಯುದ್ದಕ್ಕೂ ಮೆಣಸಿನ ಬಳ್ಳಿ ಸೊರಗುತ್ತಿರುವ ಬಗ್ಗೆ ಮಾತಾಡುತ್ತಲೇ ಬಂದಿದ್ದ.

ಸುಮನಾಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಮೊಬೈಲಿನಲ್ಲಿ ನೆಟ್‌ವರ್ಕ್ ಇರಲಿಲ್ಲ. ರಸ್ತೆಗಿಳಿದು ಕೈ ಬೀಸಿದಳು. ಒಂದು ಜೀಪು ನಿಧಾನಿಸಿತು. ಓಡಿಸುತ್ತಿದ್ದವನು ಇಣುಕಿ ನೋಡಿ, "ಹಗಲೊತ್ತಲ್ಲೇ ಹಾಕ್ಬುಟ್ಟವ್ನೆ" ಎಂದು ಪಕ್ಕದವನಿಗೆ ಹೇಳಿ ಮುಂದೆ ಹೋದ. "ಕುಡಿದಿಲ್ಲ ಕಣಣ್ಣ, ಕುಡಿದಿಲ್ಲ" ಎನ್ನುತ್ತ ಅವಳು ತಿರುವಿನವರೆಗೂ ಜೀಪಿನ ಹಿಂದೆ ಓಡಿದಳು. ಆಮೇಲೆ ಮೋಹನ್ ಒಬ್ಬನೇ ಇದ್ದಾನೆಂದು ಹೊಳೆದು ಬಂದ ದಾರಿಯಲ್ಲೇ ವಾಪಸ್ ಓಡಿದಳು.

ಬಸ್ಸಿನ ಸದ್ದು ಕೇಳಿದಾಗ ರಸ್ತೆಯ ನಡುವೆಯೇ ನಿಂತುಬಿಟ್ಟಳು. ಬಸ್ಸು ಅವಳೆದುರು ಬಂದು ನಿಂತಿತು. ಡ್ರೈವರ್ ಬೈಯಲು ಬಾಯಿ ತೆರೆದವನು ಅವಳ ಮುಖ ನೋಡಿ ಎಂಜಿನ್ ಆರಿಸಿದ. ಕಂಡಕ್ಟರ್ ಮಾತ್ರ, "ಆಂಬುಲೆನ್ಸಿಗೆ ಫೋನ್ ಮಾಡ್ಬೇಕು ಕಣಮ್ಮ. ದಾರೀಲಿ ಏನಾರಾ ಆದ್ರೆ ನಮ್ಮ ತಲೆಗೆ ಬರ್ತೈತೆ" ಎಂದ.

"ಅದು ಬರಗಂಟ ಇಲ್ಲೇ ಬಿದ್ದಿರ್ಲಾ ಆ ಮನ್ಷ?" ಒಳಗಿನಿಂದ ಒಬ್ಬ ಹೆಂಗಸು ಇಳಿದು ಬಂದಳು. ಅರವತ್ತರ ಆಸುಪಾಸು. ಕಂಕುಳಲ್ಲಿ ಬಟ್ಟೆಯ ಚೀಲ. "ಹಿಡ್ಕಳ್ರಪ್ಪ ಯಾರಾದ್ರೂ."

ನಾಲ್ಕಾರು ಜನ ಮೋಹನನನ್ನು ಎತ್ತಿ ಬಸ್ಸಿನ ಹಿಂದಿನ ಸೀಟಿನ ಮೇಲೆ ಮಲಗಿಸಿದರು. ಕೈ ತೋರಿಸಿದವರಿಗೆಲ್ಲ ನಿಲ್ಲಿಸದೆ ಡ್ರೈವರ್ ಬಸ್ಸನ್ನು ನೇರ ಸಕಲೇಶಪುರದ ಆಸ್ಪತ್ರೆಗೇ ತಂದ. ಅಲ್ಲಿ ನೋಡಿದವರು, "ಸ್ಟ್ರೋಕ್. ತಕ್ಷಣ ಹಾಸನಕ್ಕೆ ಹೋಗಿ" ಎಂದು ಆಂಬುಲೆನ್ಸ್ ಹತ್ತಿಸಿದರು. ಬಾಗಿಲು ಹಾಕುವ ಹೊತ್ತಿಗೆ ಆ ಹೆಂಗಸೂ ಚೀಲದ ಸಮೇತ ಹತ್ತಿ ಕೂತಳು. ಯಾಕೆ ಬರುತ್ತೀರೆಂದು ಕೇಳುವ ಸ್ಥಿತಿಯಲ್ಲಿ ಸುಮನಾ ಇರಲಿಲ್ಲ. ಹೆಸರು ಸರೋಜಮ್ಮ ಎಂದು ಗೊತ್ತಾದದ್ದೂ ಆಲೂರು ದಾಟಿದ ಮೇಲೆ.

ಹಾಸನದಲ್ಲಿ ತಲೆಯ ಸ್ಕ್ಯಾನ್ ಮಾಡಿದರು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. "ಮೆದುಳಿನ ರಕ್ತನಾಳ ಕಟ್ಟಿಕೊಂಡಿದೆ. ಅಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸೋದಕ್ಕೆ ಇಂಜೆಕ್ಷನ್ ಇದೆ, ಈಗಲೇ ಕೊಡಬೇಕು. ಕೆಲವರಿಗೆ ಅದರಿಂದಲೇ ತಲೆಯೊಳಗೆ ರಕ್ತ ಸೋರುತ್ತೆ, ಜೀವಕ್ಕೂ ಅಪಾಯ ಆಗಬಹುದು. ನೀವು ಒಪ್ಪಬೇಕು. ಮನೆ ಕಡೆಯವರು ಯಾರಾದ್ರೂ ಇದಾರಾ?"

ಸುಮನಾ ಮಂಗಳೂರಿನಲ್ಲಿದ್ದ ಮೈದುನ ಲೋಹಿತನಿಗೆ ಫೋನ್ ಮಾಡಿದಳು.

"ನಾನ್ ಬರಗಂಟ ಏನೂ ಕೊಡುಸ್ಬೇಡಿ ಅತ್ಗೆ," ಎಂದ ಅವನು. "ಹೆಚ್ಚುಕಮ್ಮಿ ಆದ್ರೆ ಯಾರ್ ಜವಾಬ್ದಾರಿ? ಈಗ್ಲೇ ಹೊರಟ್ಬುಡ್ತೀನಿ."

ಶಿರಾಡಿ ಘಾಟಿ ಹತ್ತಿ ಅವನು ಬರುವುದೆಂದರೆ ಕತ್ತಲಾಗುತ್ತದೆ. ಡಾಕ್ಟರು ಬಾಗಿಲಲ್ಲೇ ನಿಂತಿದ್ದರು. ಸುಮನಾ ಸರೋಜಮ್ಮನ ಮಣಿಕಟ್ಟು ಹಿಡಿದುಕೊಂಡಳು.

"ಏನ್ ಮಾಡ್ಲಿ ಅಕ್ಕ? ನೀವಾದ್ರೂ ಹೇಳಿ."

"ನಾನೇನ್ ಹೇಳ್ಲವ್ವ. ನಂಗೆಲ್ಲಿ ಗೊತ್ತಾಯ್ತದೆ ಇವೆಲ್ಲ." ಸರೋಜಮ್ಮ ಅವಳ ಕೈ ಮೇಲೆ ತನ್ನ ಕೈ ಇಟ್ಟಳು. "ನೀ ಏನೇ ಹೇಳು, ನಾನಂತೂ ಹೋಗಾಕಿಲ್ಲ. ಇಲ್ಲೇ ಇರ್ತೀನಿ."

ಸುಮನಾ ಒಳಗೆ ಇಣುಕಿದಳು. ಮೋಹನ್ ಅವಳನ್ನೇ ನೋಡುತ್ತಿದ್ದ. ಅವನಿಗೂ ಹೆದರಿಕೆಯಾಗಿತ್ತು.

"ಕೊಡಿ ಡಾಕ್ಟ್ರೇ," ಎಂದಳು.

ಆಮೇಲೆ ಬಾಗಿಲು ತೆರೆದಾಗಲೆಲ್ಲ ಅವಳು ಎದ್ದು ನಿಂತಳು. ನರ್ಸು ಕೊನೆಗೆ ಅವಳನ್ನೇ ಕರೆದಾಗ ಚಪ್ಪಲಿ ಹುಡುಕಲೂ ಆಗದೆ ಬರಿಗಾಲಲ್ಲೇ ಒಳಗೆ ಹೋದಳು. ಮೋಹನನಿಗೆ ಮಾತು ಬಂದಿರಲಿಲ್ಲ. ಬರುವುದೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಡಾಕ್ಟರು. ಬಲಗೈ ಎತ್ತಲು ಹೇಳಿದರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹೊದಿಕೆಯ ಮೇಲೆ ಎರಡು ಬೆರಳು ಮೆಲ್ಲಗೆ ಮಡಿಚಿಕೊಂಡು ಮತ್ತೆ ಬಿಚ್ಚಿಕೊಂಡವು.

ಹೇಳಬೇಕೆಂದು ಅವಳು ಹೊರಗೆ ಬಂದಳು. ಸರೋಜಮ್ಮ ಚೀಲ ಅಪ್ಪಿಕೊಂಡು ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಹೋಗಿದ್ದಳು. ತಲೆ ಒಂದು ಕಡೆಗೆ ವಾಲುತ್ತಿತ್ತು. ಸುಮನಾ ಸದ್ದಾಗದಂತೆ ಪಕ್ಕದಲ್ಲಿ ಕೂತು, ಆ ತಲೆಗೆ ಹೆಗಲು ಕೊಟ್ಟಳು.