ಅರಗಿನ ಮೇಲೆ ಕೂತ ದೀಪಗಳು

ಅವತ್ತು ಬೆಳಗ್ಗೆ ಯಾರೂ ಬರಲಿಲ್ಲ. ಹಿಂದಿನ ದಿನ ತಿಥಿ ಮುಗಿದು, ನೆಂಟರೆಲ್ಲ ಸಂಜೆಯ ಬಸ್ಸು ಹಿಡಿದು ಹೋಗಿದ್ದರು. ಅತ್ತೆ ಗಂಗಲಕ್ಷ್ಮಮ್ಮ ಎಂದಿನಂತೆ ಕೊಟ್ಟಿಗೆ ಗುಡಿಸಿದರು. ಮೈದುನ ಲೋಕೇಶ ಡೈರಿಗೆ ಹಾಲು ಹಾಕಿ ಬಂದ. ಬಿಡದಿ ಕಡೆಯ ಫ್ಯಾಕ್ಟರಿ ಬಸ್ಸು ಕೂಟಗಲ್ಲಿನ ಬೀದಿಯಲ್ಲಿ ಹಾರ್ನ್ ಹೊಡೆದು, ಹತ್ತುವವರನ್ನು ಹತ್ತಿಸಿಕೊಂಡು ಹೋಯಿತು. ಪ್ರತಿಮಾ ಒಲೆಯ ಮುಂದೆ ಕೂತು, ಉಪ್ಪಿಟ್ಟಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ನೆನೆಸಿಕೊಳ್ಳುತ್ತಿದ್ದಳು.

ಗಂಡ ಜಯಕುಮಾರ ಒಂಬತ್ತು ದಿನದ ಜ್ವರದಲ್ಲಿ ಹೋಗಿಬಿಟ್ಟಿದ್ದ. ಅವಳಿಗೆ ಇನ್ನೂ ಅಳು ಬಂದಿರಲಿಲ್ಲ. ಅದನ್ನು ಊರು ಗಮನಿಸಿತ್ತು. ತಿಥಿಗೆ ಬಂದವರಲ್ಲಿ ಯಾರೋ ಒಬ್ಬಾಕೆ ಅಂಗಳದ ಪಿಕಪ್ ಕಡೆ ನೋಡಿ, "ಪಾಪ, ಕೈ ಹಾಕಿದ್ ಕೊನೇ ಕೆಲ್ಸಾನೂ ಕೆಟ್ಟೋಯ್ತಲ್ಲವ್ವ" ಅಂದಿದ್ದಳು. ಹನ್ನೊಂದು ದಿನ ಜನ ಆಡಿದ ಮಾತುಗಳಲ್ಲಿ ಪ್ರತಿಮಾಳ ಒಳಗೆ ಹೋಗಿ ಕೂತದ್ದು ಅದೊಂದೇ.

ಆ ಕೆಲಸ ಎರಡು ಎಕ್ಸ್‌ಟ್ರಾ ಲೈಟಿನದು. ರಾಮನಗರ ಜಿಲ್ಲೆಯಾದ ವರ್ಷದ ಚಳಿಗಾಲ ಅದು. ಜಯಕುಮಾರ ಬೆಳಗಿನ ಜಾವ ಐದಕ್ಕೆಲ್ಲ ಹೊರಟು, ನಾಲ್ಕೈದು ಹಳ್ಳಿ ಸುತ್ತಿ ರೇಷ್ಮೆ ಗೂಡಿನ ಚೀಲಗಳನ್ನು ತುಂಬಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಒಯ್ಯುತ್ತಿದ್ದ. ಮಂಜಿನಲ್ಲಿ ಗಾಡಿಯ ಸ್ವಂತ ದೀಪ ಸಾಲದೆ ಒಂದು ಸಲ ಕೆರೆ ಏರಿಯ ಅಂಚಿಗೇ ಹೋಗಿ ನಿಂತಿದ್ದ. ಆಮೇಲೆ ಎರಡು ದುಂಡನೆಯ ದೊಡ್ಡ ಲೈಟು ತಂದು, ಬಂಪರಿನ ಮುಂದೆ ಕಬ್ಬಿಣದ ಕಂಬಿ ಕಟ್ಟಿಸಿ ಕೂರಿಸಿದ. ಚೆನ್ನಾಗಿ ಉರಿದವು. ಆದರೆ ಹಳ್ಳಿ ರಸ್ತೆಯ ಕುಲುಕಾಟಕ್ಕೆ ವಾರದೊಳಗೆ ಬಲ್ಬಿನ ಒಳಗಿನ ತಂತಿ ತುಂಡಾಯಿತು. ಹೊಸ ಬಲ್ಬು ಹಾಕಿದ. ಅದೂ ಹೋಯಿತು. ಆಗ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಗೆಳೆಯನಿಂದ ಹಾಲೆ ಮರದ ಎರಡು ದಪ್ಪ ಪೀಠ ಕಡೆಸಿಕೊಂಡು ಬಂದ. ಕೆಂಪು, ಹಳದಿ ಅರಗು ಬಳಿದು ಮಿರಮಿರ ಮಿಂಚುತ್ತಿದ್ದವು. "ಕುಲುಕಾಟವನ್ನೆಲ್ಲ ಮರ ಕುಡ್ಕತದೆ ನೋಡ್ತಿರು" ಅಂದಿದ್ದ. ಬೀದಿಯವರು ನಕ್ಕಿದ್ದರು: "ಜಯಣ್ಣ ಗಾಡಿಗೆ ಬುಗುರಿ ಕಟ್ಟವ್ನೆ!"

ಹೊಸ ವೈರು ಎಳೆದು, ಎಲ್ಲ ಮುಗಿಸಿ ಸ್ವಿಚ್ಚು ಒತ್ತಿದರೆ ಬಾನೆಟ್ಟಿನೊಳಗೆ ಟಕ್ ಅಂತ ಸದ್ದಾಯಿತೇ ಹೊರತು ದೀಪ ಹತ್ತಲಿಲ್ಲ. ಎರಡು ದಿನ ತಡಕಾಡಿದ. ಮೂರನೆಯ ಸಂಜೆ "ಮೈ ಯಾಕೋ ಬಿಸಿ, ನಾಳೆ ನೋಡಾನ" ಅಂತ ಒಳಗೆ ಬಂದು ಮಲಗಿದ.

ಉಪ್ಪಿಟ್ಟು ತಿಂದು ಕೈ ತೊಳೆದ ಲೋಕೇಶ ಕಟಿಂಗ್ ಪ್ಲೇಯರ್ ಹಿಡಿದು ಅಂಗಳಕ್ಕೆ ಇಳಿದ. ಪ್ರತಿಮಾ ಹಿಂದೆಯೇ ಹೋದಳು.

"ಏನು ಮಾಡ್ತೀಯ ಲೋಕೇಶ?"

"ನಾಳಿಕ್ ಗಾಡಿ ಓಡುಸ್ಬೇಕು ಅತ್ಗೆ. ಐದು ಮನೇರು ಗೂಡು ಬಿಡ್ಸ್ಕಂಡು ಕುಂತವ್ರೆ. ಇನ್ನೊಂದೆರಡು ದಿನ ಬುಟ್ರೆ ಚಿಟ್ಟೆ ತೂತು ಮಾಡ್ಕಂಡು ಆಚೆ ಬತ್ತದೆ, ಆಮೇಲೆ ಆ ಗೂಡು ಯಾರ್ಗ್ ಬೇಕು?" ಬಾನೆಟ್ಟಿನ ಮೇಲಿನ ಟಾರ್ಪಾಲು ಸರಿಸಿದ. "ಅಣ್ಣ ಎಳ್ದಿರೋ ವೈರ್‌ನೆಲ್ಲ ಕತ್ರಿಸಿ ಲೈಟು ಕಿತ್ ಬುಡ್ತೀನಿ. ಕರೆಂಟ್ ಎಲ್ಲೋ ಹೋಗ್ತೈತೆ, ಲೈಟ್ ಹತ್ತಲ್ಲ. ಹಿಂದ್ಗಡೆ ಗೂಡು ಇರ್ತದೆ. ಬೆಂಕಿಗಿಂಕಿ ಹತ್ಕಂಡ್ರೆ?"

ಅವನು ಹೇಳುವುದು ಸರಿಯಾಗಿತ್ತು. ಅವಳ ಬಾಯಿಂದ ಮಾತ್ರ ಬೇರೆ ಮಾತು ಬಂತು: "ಸಂಜೆವರೆಗೂ ಬಿಡು. ಅಷ್ಟರೊಳಗೆ ಹತ್ತಲಿಲ್ಲ ಅಂದರೆ ನಾನೇ ಕತ್ತರಿಸಿ ಕೊಡ್ತೀನಿ."

ಲೋಕೇಶ ಅತ್ತಿಗೆಯ ಮುಖ ನೋಡಿದ. ಹನ್ನೆರಡು ದಿನದಲ್ಲಿ ಅವಳು ಇಷ್ಟುದ್ದ ಮಾತಾಡಿದ್ದು ಅದೇ ಮೊದಲು. ಪ್ಲೇಯರನ್ನು ಬಂಪರಿನ ಮೇಲಿಟ್ಟ.

ಪ್ರತಿಮಾ ಬೆಂಗಳೂರಿನ ಜ್ಞಾನಭಾರತಿಯಲ್ಲಿ ಭೌತಶಾಸ್ತ್ರದ ಎಂಎಸ್ಸಿ ಮಾಡಿದವಳು. ಮದುವೆಯಾಗಿ ಎರಡು ವರ್ಷ, ಆ ಓದನ್ನು ಯಾರೂ ಕೇಳಿರಲಿಲ್ಲ, ಅವಳೂ ತೆಗೆದಿರಲಿಲ್ಲ. ಈಗ ಬ್ಯಾಟರಿಯಿಂದ ಶುರುಮಾಡಿ ಒಂದೊಂದೇ ವೈರನ್ನು ಬೆರಳಲ್ಲಿ ಹಿಡಿದು ಹೊರಟಳು. ತಪ್ಪು ಹುಡುಕಲು ಹೋದವಳಿಗೆ ಕಂಡದ್ದು ಬೇರೆ. ಪ್ರತಿ ಗಂಟಿನ ಮೇಲೂ ಟೇಪು ಒಂದೇ ಓರೆಯಲ್ಲಿ ಸುತ್ತಿತ್ತು. ಬಿಸಿ ಇಂಜಿನ್ನಿಗೆ ವೈರು ತಾಗೀತೆಂದು ಸೈಕಲ್ ಟ್ಯೂಬು ಕತ್ತರಿಸಿ ತೊಡಿಸಿತ್ತು. ಮೂಲೆಯಲ್ಲಿ ತಿರುಗುವ ಕಡೆ ಒಂದು ಗೇಣು ಸಡಿಲ ಬಿಟ್ಟಿತ್ತು. ಊಟಕ್ಕೆ ಕೂತರೆ ಎರಡು ನಿಮಿಷ ನೆಟ್ಟಗೆ ಕೂರದ ಮನುಷ್ಯ ಇಷ್ಟು ತಾಳ್ಮೆಯನ್ನು ಎಲ್ಲಿಟ್ಟಿದ್ದನೋ! ಅವಳ ಕೈ ಅಲ್ಲಲ್ಲಿ ನಿಂತು ನಿಂತು ಹೋಯಿತು.

"ಅಲ್ಲ ಕಣವ್ವ, ಎಂಎಸ್ಸಿ ಓದಿದೋಳು ಗ್ರೀಸ್ ಮೆತ್ಕಂಡ್ ನಿಂತಿದ್ದೀಯಲ್ಲ" ಎಂದರು ಗಂಗಲಕ್ಷ್ಮಮ್ಮ, ಜಗಲಿಯಿಂದ.

"ಇದೂ ಎಂಎಸ್ಸೀನೇ ಅತ್ತೆ."

ಸ್ಪ್ಯಾನರಿಗಾಗಿ ಡ್ಯಾಶ್‌ಬೋರ್ಡಿನ ಖಾನೆ ತೆಗೆದಾಗ ಟೆಸ್ಟ್ ಲ್ಯಾಂಪು ಸಿಕ್ಕಿತು. ಒಂದು ಪುಟ್ಟ ಬಲ್ಬು, ಎರಡು ವೈರು. ಒಂದರ ತುದಿಗೆ ಕ್ಲಿಪ್ಪು, ಇನ್ನೊಂದಕ್ಕೆ ಚೂಪು ಮೊಳೆ. ಹಿಡಿಯ ಮೇಲೆ ನೀಲಿ ಬಣ್ಣದಲ್ಲಿ 'ಇದ್ರೀಸ್' ಎಂದು ಬರೆದಿತ್ತು.

"ರಾಮನಗರದ ಇದ್ರೀಸಣ್ಣಂದು. ಗಾಡಿ ಎಲೆಕ್ಟ್ರಿಷನ್ನು" ಎಂದ ಲೋಕೇಶ. "ಎರಡು ದಿನಕ್ಕೆ ಅಂತ ಅಣ್ಣ ಈಸ್ಕಂಡ್ ಬಂದಿದ್ದ."

ಅವಳು ಕ್ಲಿಪ್ಪನ್ನು ಬ್ಯಾಟರಿಯ ನೆಗೆಟಿವ್‌ಗೆ ಕಚ್ಚಿಸಿ, ಲೋಕೇಶನಿಗೆ ಸ್ವಿಚ್ಚು ಒತ್ತಲು ಹೇಳಿದಳು. ಟಕ್. ಸ್ವಿಚ್ಚು ಒತ್ತಿದಾಗ ದೀಪದ ಕಡೆಗೆ ಕರೆಂಟು ಬಿಡುವ ರಿಲೇ ಕೆಲಸ ಮಾಡುತ್ತಿದೆ. ಮೊಳೆಯನ್ನು ದೀಪದ ಹಿಂದಿನ ವೈರಿಗೆ ಮುಟ್ಟಿಸಿದಳು. ಪುಟ್ಟ ಬಲ್ಬು ಉರಿಯಿತು. ಕರೆಂಟು ಬ್ಯಾಟರಿಯಿಂದ ದೀಪದ ಹೊಸ್ತಿಲವರೆಗೂ ಬಂದು ನಿಂತಿದೆ. ಹಾಗಾದರೆ ಒಳಗೆ ಯಾಕೆ ಹೋಗುತ್ತಿಲ್ಲ?

ದೀಪಕ್ಕೆ ಇದ್ದದ್ದು ಒಂದೇ ವೈರು. ಅದನ್ನು ನೋಡುತ್ತ ಅವಳು ನೆಲದ ಮೇಲೆ ಕೂತಳು. ವಾಪಸು ಹೋಗುವ ದಾರಿ? ದೀಪದ ಕಬ್ಬಿಣದ ಮೈಯಿಂದ ಕಂಬಿಗೆ, ಕಂಬಿಯಿಂದ ಗಾಡಿಯ ಮೈಗೆ, ಅಲ್ಲಿಂದ ಬ್ಯಾಟರಿಗೆ. ಕಾಣದಿರುವ ಎರಡನೆಯ ವೈರು ಗಾಡಿಯೇ. ಕಬ್ಬಿಣದ ಮೇಲೆ ಕೂತಿದ್ದಾಗ ದೀಪ ಹತ್ತಿತ್ತು. ಈಗ ದೀಪದ ಬೋಲ್ಟು ಮರದೊಳಗೇ ಮುಗಿದಿತ್ತು. ಮರವನ್ನು ಮಾತ್ರ ಕಂಬಿಗೆ ಪಟ್ಟಿ ಹಾಕಿ ಬಿಗಿದಿತ್ತು. ನಡುವೆ ಹಾಲೆ ಮರ, ಅದರ ಮೇಲೆ ಅರಗು. ಕಾಲೇಜಿನ ಲ್ಯಾಬಿನಲ್ಲಿ ಹಳೆಯ ತಂತಿ ಸುರುಳಿಗಳಿಗೆ ಕರೆಂಟು ಆಚೀಚೆ ಹಾರದಿರಲೆಂದು ಇದೇ ಅರಗು ಬಳಿದಿರುತ್ತಿದ್ದರು. ಆ ಹೊಂಬಣ್ಣ, ಆ ವಾಸನೆ ಎರಡೂ ಅವಳಿಗೆ ನೆನಪಾದವು.

ಕ್ಲಿಪ್ಪನ್ನು ಬ್ಯಾಟರಿಯಿಂದ ಕಿತ್ತು ದೀಪದ ಮೈಗೇ ಕಚ್ಚಿಸಿ, ಮೊಳೆಯನ್ನು ಮತ್ತೆ ಅದೇ ವೈರಿಗೆ ಮುಟ್ಟಿಸಿ ನೋಡಿದಳು. ಪುಟ್ಟ ಬಲ್ಬು ಹತ್ತಲಿಲ್ಲ.

"ಸಿಕ್ತು" ಎಂದಳು. "ನಿಮ್ಮಣ್ಣನ ವೈರಿಂಗಲ್ಲಿ ಒಂದೂ ತಪ್ಪಿಲ್ಲ ಲೋಕೇಶ. ಅರ್ತ್ ಬರ್ತಿಲ್ಲ, ಅಷ್ಟೆ. ಬುಗುರಿ ತಡೆದುಬಿಟ್ಟಿದೆ."

ಎರಡು ಮೊಳ ಕಪ್ಪು ವೈರು ಸಾಕಾಯಿತು. ಒಂದು ತುದಿಯನ್ನು ದೀಪದ ಬೋಲ್ಟಿನಡಿ ಬಿಗಿದಳು. ಕಂಬಿಯ ಬಣ್ಣವನ್ನು ಈಳಿಗೆಮಣೆಯ ಮೊನೆಯಿಂದ ಕೆರೆದು, ಬೆಳ್ಳಗೆ ಕಬ್ಬಿಣ ಕಂಡ ಮೇಲೆ ಇನ್ನೊಂದು ತುದಿ ಬಿಗಿದಳು. ಎರಡೂ ದೀಪಕ್ಕೆ ಹಾಗೆಯೇ. ಟೇಪು ಸುತ್ತುವಾಗ ಅವನ ಓರೆಯಲ್ಲೇ ಸುತ್ತಲು ನೋಡಿದಳು, ಬರಲಿಲ್ಲ.

"ಒತ್ತು."

ಟಕ್ ಎಂದದ್ದಷ್ಟೇ ಗೊತ್ತು, ಕೊಟ್ಟಿಗೆಯ ಕತ್ತಲೆ ಗೋಡೆಯ ಮೇಲೆ ಎರಡು ಚಂದ್ರ ಹುಟ್ಟಿದಂತೆ ಆಯಿತು. ಹಸು ಬೆದರಿ ಹಗ್ಗ ಜಗ್ಗಿತು. ಲೋಕೇಶ ಸೀಟಿನಿಂದ ನೆಗೆದು ಬಂದ. "ಅತ್ಗೇ! ಹತ್ಕಂಬುಟ್ಟೊ!" ಗಂಗಲಕ್ಷ್ಮಮ್ಮ ಜಗಲಿ ಇಳಿದು ಬಂದು, ಬಿಸಿಯಾಗುತ್ತಿದ್ದ ಗಾಜಿನ ಮೇಲೆ ಅಂಗೈ ಇಟ್ಟರು. ತುಂಬ ಹೊತ್ತು ತೆಗೆಯಲಿಲ್ಲ.

ಮರುದಿನ ಐದಕ್ಕೆ ಲೋಕೇಶ ಗಾಡಿ ತಿರುಗಿಸಿದಾಗ ಪ್ರತಿಮಾ ಸ್ವೆಟರು ಹಾಕಿಕೊಂಡು ನಿಂತಿದ್ದಳು. ಇದ್ರೀಸರ ಸಾಮಾನು ಕೊಟ್ಟು ಬರಬೇಕು ಎಂದಳು. ಲೋಕೇಶ ಅಮ್ಮನ ಕಡೆ ನೋಡಿದ.

"ನಂಗೇನಿಲ್ಲಮ್ಮ. ಗೂಡ್ ಹೇರೋರು ಮೊದಲ್ನೇ ಮುಖ ಅದು ಇದು ಅಂತ..."

"ಯಾರ್ಲಾ ಅನ್ನೋನು?" ಗಂಗಲಕ್ಷ್ಮಮ್ಮ ಅಬ್ಬರಿಸಿದರು. "ಗಾಡೀನ ಎಬ್ಬುಸಿ ನಿಲ್ಸಿದೋಳು ಅವ್ಳು. ಅವ್ಳ ಮುಖ ಬ್ಯಾಡ ಅನ್ನೋನು ತಲೆ ಮೇಲ್ ಹೊತ್ಕಂಡ್ ಹೋಗ್ಲಿ ಗೂಡ. ಕೂರುಸ್ಕಂಡ್ ನಡೀಲಾ."

ಗೂಡು ಹೇರುವವರಲ್ಲಿ ಯಾರೂ ಅವಳ ಮುಖಕ್ಕೆ ಏನೂ ಅನ್ನಲಿಲ್ಲ. ಮೂರು ಹಳ್ಳಿ ಆಯಿತು. ಚೀಲಗಳು ತುಂಬಿದವು. ಕೆರೆ ಏರಿ ದಾಟಿದ ಮೇಲೆ ಮಂಜು ಗೋಡೆಯಂತೆ ಎದುರು ನಿಂತಿತು. ಲೋಕೇಶ ಎಕ್ಸ್‌ಟ್ರಾ ಲೈಟು ಹಾಕಿದ. ಬೆಳಕು ಮಂಜಿನ ಅಡಿಯಿಂದ ನುಗ್ಗಿ, ರಸ್ತೆ, ಬೇಲಿ, ಹುರುಳಿ ಹೊಲ ಒಂದೊಂದಾಗಿ ಎದ್ದು ಬಂದವು. ತಿರುವಿನಲ್ಲಿ ಗಾಡಿ ಹೊರಳಿದಾಗ ಬೆಳಕೂ ಹೊರಳಿತು. ಲೋಕೇಶನ ಕಾಲು ತಾನಾಗಿ ಬ್ರೇಕಿನ ಮೇಲೆ ಬಿತ್ತು.

ಹೊಲದ ತುಂಬ ಕಣ್ಣುಗಳು. ನೂರೋ ಇನ್ನೂರೋ, ಹಸಿರು ಬೆರೆತ ಹಳದಿ ಕಿಡಿಗಳು ನೆಲದಿಂದ ಮೊಳದೆತ್ತರದಲ್ಲಿ ಅಲುಗದೆ ನಿಂತಿದ್ದವು. ಅವುಗಳ ಹಿಂದೆ ಬಂಡೆ. ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದ ಬಂಡೆಯೇ. ಈಗ ಬುಡದಿಂದ ಬೆಳಕು ಏರಿ, ಕಲ್ಲಿನ ಹರಳೆಲ್ಲ ಮಿನುಗುತ್ತ, ತುದಿ ಎಲ್ಲಿ ಎಂದು ಗೊತ್ತಾಗದೆ ಮಂಜಿನೊಳಗೆ ಮೇಲೆ ಮೇಲೆ ಹೋಗುತ್ತಲೇ ಇತ್ತು. ಕುರಿಯ ಕಣ್ಣಿನ ಹಿಂದೆ ಕನ್ನಡಿಯಂಥ ಪದರ ಇರುತ್ತದೆ, ಬಿದ್ದ ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸುತ್ತದೆ. ಪ್ರತಿಮಾಳಿಗೆ ಅದು ಗೊತ್ತಿತ್ತು. ಗೊತ್ತಿದ್ದರೂ ಮೈಯ ರೋಮವೆಲ್ಲ ಎದ್ದು ನಿಂತಿತು. ಇಷ್ಟು ದಿನ ಮರಗಟ್ಟಿದ್ದ ಎದೆಯೊಳಗೆ ಉಸಿರು ಪೂರ್ತಿಯಾಗಿ ಇಳಿಯಿತು.

ಕುರಿಗಳ ನಡುವಿನಿಂದ ಕಂಬಳಿಯೊಂದು ಎದ್ದಿತು.

"ಯಾವನ್ಲಾ ಅವ್ನು? ಲೈಟ್ ಇಳ್ಸ್ಲಾ! ಮರಿ ಬೆದರ್ತವೆ!"

ಲೋಕೇಶ ಕಿಟಕಿಯಿಂದ ತಲೆ ಹಾಕಿದ. "ಜಯಣ್ಣನ್ ಗಾಡಿ ಕಣಣ್ಣೋ!"

ಕಂಬಳಿ ಗಾಡಿಯ ಕಡೆ ಎರಡು ಹೆಜ್ಜೆ ಬಂತು. "ಜಯಣ್ಣಂದಾ?" ಆಮೇಲೆ ದನಿ ಇಳಿಯಿತು. "ಹಂಗಾದ್ರೆ ಇರ್ಲಿ ಬುಡು. ಒಸಿ ಹೊತ್ತು ಇರ್ಲಿ."

ರಾಮನಗರದಲ್ಲಿ ಚೀಲ ಇಳಿಸಿ ಆಗುವಾಗ ಬಿಸಿಲು ಬಂದಿತ್ತು. ಇದ್ರೀಸ್ ಅಂಗಡಿಯ ಶಟರು ಎತ್ತುತ್ತಿದ್ದರು. ಪ್ರತಿಮಾ ಯಾರೆಂದು ಹೇಳುವ ಮೊದಲೇ ಹೊರಗೆ ನಿಂತ ಪಿಕಪ್ ಕಂಡು ಅವರ ಕೈ ನಿಂತಿತು. ಅವಳು ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಇದ್ರೀಸ್ ಹೋಗಿ ಕೆಂಪು ಹಳದಿ ಪೀಠಗಳನ್ನು ಬೆರಳಿನಿಂದ ತಟ್ಟಿ ನೋಡಿದರು, ಕಪ್ಪು ವೈರನ್ನು ನೋಡಿದರು, ಹಣೆ ಹಿಡಿದುಕೊಂಡರು.

"ಯಾ ಅಲ್ಲಾ! ಮೂರು ಸಲ ಫೋನ್ ಮಾಡಿದ್ನಮ್ಮ. ನಾನು ರಿಲೇ ನೋಡು, ಫ್ಯೂಸ್ ನೋಡು ಅಂತಿದ್ದೆ. ಮರದ ಮೇಲೆ ಕೂರ್ಸಿದೀನಿ ಅಂತ ಅವ್ನೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

ಅವಳು ಟೆಸ್ಟ್ ಲ್ಯಾಂಪನ್ನು ಚಾಚಿದಳು.

"ಇಟ್ಕೊ ತಾಯಿ. ನಿನಗೇ ಬೇಕಾಗುತ್ತೆ."

"ಈಸ್ಕೊಂಡಿದ್ದು ಅವರು" ಎಂದಳು ಪ್ರತಿಮಾ. "ನನಗೆ ಬೇಕಾದಾಗ ನಾನೇ ಬಂದು ಕೇಳ್ತೀನಿ."

ಇದ್ರೀಸ್ ಎರಡೂ ಕೈ ಒಡ್ಡಿದರು. ಅವಳು ವೈರುಗಳನ್ನು ಸುತ್ತಿ, ಕ್ಲಿಪ್ಪು ಕಚ್ಚಿಸಿ, ಅವರ ಅಂಗೈಯಲ್ಲಿಟ್ಟಳು.