ಒಳಕೋಣೆಯ ಚಿಲಕ

ಆ ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ ಇದ್ದದ್ದು ಒಂದೇ. ಮನೆಯ ಯಜಮಾನಿಯರಿಬ್ಬರು ಮಾತ್ರ ಅದರಲ್ಲಿ ಮಲಗುತ್ತಿರಲಿಲ್ಲ. ಅದು ಬಂದವರ ಕೋಣೆ. ಗಂಡನ ಹೊಡೆತ ತಾಳಲಾರದೆ ಬಂದವರು, ಅಪ್ಪ ಗೊತ್ತುಮಾಡಿದ ಮದುವೆ ಬೇಡವೆಂದು ಬಂದವರು, ಅಣ್ಣಂದಿರ ಕಣ್ಣು ತಪ್ಪಿಸಿ ಉಟ್ಟ ಬಟ್ಟೆಯಲ್ಲೇ ಓಡಿಬಂದವರು ಅಲ್ಲಿ ಮಲಗುತ್ತಿದ್ದರು. ಬ್ಯಾಗು ಹಿಡಿದು ಬಾಗಿಲಿಗೆ ಬಂದ ಹೆಂಗಸನ್ನು ಯಾರೂ ಏನೂ ಕೇಳಕೂಡದು ಎನ್ನುವುದು ಆ ಮನೆಯ ಕಟ್ಟುಪಾಡು. ಅವಳು ಚಿಲಕ ಹಾಕಿಕೊಂಡ ಮೇಲೆ ಬಾಗಿಲು ತಟ್ಟಕೂಡದು. ತೆಗೆಯಬೇಕು ಅನ್ನಿಸಿದಾಗ ಅವಳೇ ತೆಗೆಯುತ್ತಾಳೆ.

ಯಜಮಾನಿಯರು ನಡುಮನೆಯಲ್ಲಿ, ಎದುರುಬದುರು ಗೋಡೆಗೆ ಒತ್ತಿ ಹಾಕಿದ ಎರಡು ಮಂಚಗಳ ಮೇಲೆ ಮಲಗುತ್ತಿದ್ದರು. ನಡುವೆ ಊಟದ ಮೇಜು. ಮೇಜಿನ ಒಂದು ತುದಿಯಲ್ಲಿ ತಟ್ಟೆ ಲೋಟ, ಇನ್ನೊಂದು ತುದಿಯಲ್ಲಿ ದೊಡ್ಡಕ್ಕನ ಕಾಗದಗಳು. ಅವಳ ಅಷ್ಟೂ ಪುಸ್ತಕಗಳು ಹುಟ್ಟಿದ್ದು ಆ ಮೇಜಿನ ಮೇಲೆಯೇ. ಎಣ್ಣೆಯ ಕಲೆ ಬೀಳದ ಹಸ್ತಪ್ರತಿ ಅವಳ ಬಳಿ ಒಂದೂ ಇರಲಿಲ್ಲ.

ದೊಡ್ಡಕ್ಕ ಅಂದರೆ ಯಾರೆಂದು ಪತ್ರಿಕೆ ಓದುವವರಿಗೆಲ್ಲ ಗೊತ್ತು. ಕೂದಲು ಕಪ್ಪಗಿದ್ದ ಕಾಲದಲ್ಲೇ, ತುಂಬಿದ ಸಭೆಯಲ್ಲಿ ಮೈಕಿನ ಮುಂದೆ ನಿಂತು, "ನಾನು ಹೆಣ್ಣನ್ನೇ ಪ್ರೀತಿಸುವವಳು, ಒಬ್ಬ ಹೆಣ್ಣಿನ ಜೊತೆಗೇ ಬಾಳುತ್ತಿರುವವಳು" ಎಂದು ಹೇಳಿ ಕೂತವಳು ಅವಳು. ಮರುದಿನ ಪತ್ರಿಕೆಗಳಲ್ಲಿ ದಪ್ಪಕ್ಷರ. ಅಣ್ಣ ಮಾತು ಬಿಟ್ಟ, ಆಗಿದ್ದ ಬಾಡಿಗೆ ಮನೆಯವರು ಜಾಗ ಖಾಲಿ ಮಾಡಿಸಿದರು, ಬೈಯುವವರಿಗೆ ಬಾಯಿಗೆ ಬಂದಷ್ಟು ಮಾತು ಸಿಕ್ಕಿತು. ದೊಡ್ಡಕ್ಕ ಯಾವುದನ್ನೂ ಕಿವಿಮೇಲೆ ಹಾಕಿಕೊಳ್ಳಲಿಲ್ಲ. ಬರೆದಳು, ಮೆರವಣಿಗೆ ಹೋದಳು, ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತು ಕೂತು ಸೊಂಟ ಹಾಳುಮಾಡಿಕೊಂಡಳು. ಈಗ ಗಂಟಲು ಬಿದ್ದುಹೋಗಿದೆ, ಮಂಡಿ ಮಾತು ಕೇಳುವುದಿಲ್ಲ. ಠಾಣೆಯವರು ಅಂದು ಹೇಳುತ್ತಿದ್ದ "ಗಂಡ ಹೆಂಡ್ತಿ ಜಗಳ, ಹೊಂದ್ಕೊಂಡು ಹೋಗೋಕೆ ಹೇಳಿ ಮೇಡಂ" ಎಂಬ ಮಾತನ್ನೇ, ಅವರ ಮಕ್ಕಳ ವಯಸ್ಸಿನ ಹೊಸ ಅಧಿಕಾರಿಗಳು ಇಂದೂ ಹೇಳುತ್ತಾರೆ. ಅದನ್ನು ಕೇಳಿ ಕೇಳಿ ಬಂದ ಸುಸ್ತು ಯಾವ ಮಾತ್ರೆಗೂ ಇಳಿಯುವಂಥದ್ದಲ್ಲ.

ಇಷ್ಟೆಲ್ಲ ಧೈರ್ಯ ಹೊಸ್ತಿಲಾಚೆಗೆ ಮಾತ್ರ. ಹೊಸ್ತಿಲ ಈಚೆಗೆ ಅವರಿಬ್ಬರೂ ಅಕ್ಕತಂಗಿಯರು.

ಅದಕ್ಕೂ ಒಂದು ಕಾರಣವಿತ್ತು. ಮನೆಯ ಬಾಗಿಲು ತೆರೆದ ಹೊಸತರಲ್ಲಿ ಒಬ್ಬ ಎಳೆ ಹುಡುಗಿ ಬಂದಿದ್ದಳು. ಅವಳ ಮಾವ ಹುಡುಕಿಕೊಂಡು ಬಂದು, ಬೀದಿಯಲ್ಲಿ ಜನ ಸೇರಿಸಿ, "ಎಂಥವರ ಮನೇಲಿ ಇದ್ದೀಯ ಗೊತ್ತೇನೆ ನಿಂಗೆ? ಕೇಳು ಅವರನ್ನೇ!" ಎಂದು ಗಂಟಲು ಹರಿದುಕೊಂಡ. ಹುಡುಗಿ ಇವರಿಬ್ಬರ ಮುಖ ನೋಡಿದಳು, ಹೆದರಿದಳು, ಮಾವನ ಹಿಂದೆ ನಡೆದಳು. ಮುಂದೆ ಅವಳು ಏನಾದಳೋ ಗೊತ್ತಾಗಲಿಲ್ಲ. ದೊಡ್ಡಕ್ಕ ಎಷ್ಟೋ ದಿನ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಅವಳೇ ಹೇಳಿದಳು, "ಬಂದವರ ಮುಂದೆ ನಾವು ಅಕ್ಕತಂಗೀರು. ಆಯ್ತಾ?" ಇನ್ನೊಬ್ಬಳು ಚಕಾರ ಎತ್ತದೆ ತಲೆಯಾಡಿಸಿದಳು. ಹಾಗೆ ಇವಳು ದೊಡ್ಡಕ್ಕ, ಅವಳು ಚಿಕ್ಕಕ್ಕ. ಬಂದವರು ಕರೆದರು, ಹಾಲಿನವನು ಕರೆದ, ಬೀದಿ ಕೊನೆಯ ಅಂಗಡಿಯವನು ಕರೆದ. ಗುಟ್ಟು ಗೊತ್ತಿದ್ದ ಅಕ್ಕಪಕ್ಕದವರೂ ಆಡಿಕೊಂಡು ಆಡಿಕೊಂಡು ಸಾಕಾಗಿ ಅದನ್ನೇ ಕರೆದರು.

ಚಿಕ್ಕಕ್ಕ ಶಾಲೆಯಲ್ಲಿ ಗಣಿತದ ಟೀಚರ್. ಬೆಳಿಗ್ಗೆ ಹೋದರೆ ಸಂಜೆಗೇ ಬರುತ್ತಿದ್ದವಳಿಗೆ ಸ್ಟಾಫ್ ರೂಮಿನ ಕಿಟಕಿ ಪಕ್ಕದ ಒಂದು ಕುರ್ಚಿ, ಬೀಗವಿದ್ದ ಒಂದು ಕಪಾಟು ತನ್ನದೆಂದು ಇದ್ದವು. ಕಳೆದ ವರ್ಷ ನಿವೃತ್ತಿಯಾಯಿತು. ಹಾರ ಹಾಕಿ ಕಳಿಸಿದರು. ಅಂದಿನಿಂದ ಇಡೀ ದಿನ ನಡುಮನೆ. ಒಳಗೊಬ್ಬರು ಅಳುತ್ತಿರುತ್ತಾರೆ, ಹೊರಗೆ ದೊಡ್ಡಕ್ಕನ ಫೋನು ಬಡಿದುಕೊಳ್ಳುತ್ತಿರುತ್ತದೆ. ಸೀರೆ ಬದಲಾಯಿಸಬೇಕೆಂದರೆ ಬಚ್ಚಲುಮನೆ, ಒಂದು ಕಣ್ಣೀರು ಹಾಕಬೇಕೆಂದರೂ ಬಚ್ಚಲುಮನೆ.

ಹೋದ ವಾರ ಅವಳು ಕೇಳಿಯೇಬಿಟ್ಟಳು. "ಇವಳೇ, ನನಗೆ ಆ ಕೋಣೆ ಬೇಕು."

ಬೇರೆ ಯಾರೂ ಇಲ್ಲದಾಗ ಅವಳು ದೊಡ್ಡಕ್ಕನನ್ನು ಕರೆಯುತ್ತಿದ್ದದ್ದು ಹಾಗೆ.

"ನಿನಗಾ?"

"ನಮಗೆ. ಬಂದವರು ನಡುಮನೇಲಿ ಮಲಗಲಿ. ಹೊರಬಾಗಿಲಿಗೂ ಚಿಲಕ ಇದೆ. ನಮಗೂ ವಯಸ್ಸಾಯ್ತು. ಇನ್ನೆಷ್ಟು ದಿನ ನೀನು ಆ ಗೋಡೆ, ನಾನು ಈ ಗೋಡೆ?"

ದೊಡ್ಡಕ್ಕ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. "ನಾವಿಬ್ರೂ ಒಳಗೆ ಹೋಗಿ ಚಿಲಕ ಹಾಕ್ಕೊಂಡ್ರೆ, ನೋಡಿದವರು ಏನಂದ್ಕೊಳ್ತಾರೆ?"

ಚಿಕ್ಕಕ್ಕ ಅವಳನ್ನೇ ನೋಡಿದಳು. "ನೋಡಿದವರು ಏನಂದ್ಕೊಳ್ತಾರೆ ಅನ್ನೋ ಮಾತನ್ನ ನಿನ್ನ ಬಾಯಲ್ಲೂ ಕೇಳಬೇಕಾಯ್ತಲ್ಲ," ಎಂದು ಎದ್ದು ಅಡುಗೆಮನೆಗೆ ಹೋದಳು. ದೊಡ್ಡಕ್ಕನಿಗೆ ನಾಚಿಕೆಯಾಯಿತು. ಆದರೆ ಅಷ್ಟರಲ್ಲಿ ಫೋನು ಬಂತು.

ಆ ಮನೆಯಲ್ಲಿ ಎಲ್ಲ ಮಾತೂ ಮುಗಿಯುತ್ತಿದ್ದದ್ದು ಹೀಗೆಯೇ.

ನಿನ್ನೆ ಒಳಕೋಣೆ ಖಾಲಿಯಾಯಿತು. ಅಲ್ಲಿದ್ದವಳು ಹಾಸ್ಟೆಲೊಂದರ ಅಡುಗೆ ಕೆಲಸ ಸಿಕ್ಕಿ ಹೊರಟುಹೋದಳು. ಇವತ್ತು ಬೆಳಿಗ್ಗೆ ಚಿಕ್ಕಕ್ಕ ತನ್ನ ದಿಂಬು ತೆಗೆದುಕೊಂಡು ಹೋಗಿ ಒಳಕೋಣೆಯ ಮಂಚದ ಮೇಲಿಟ್ಟಳು. ಮಧ್ಯಾಹ್ನ ಆಸ್ಪತ್ರೆಯ ನರ್ಸ್ ಫೋನು ಮಾಡಿ, ಒಬ್ಬಳು ಬರಬಹುದು ಅಂದಳು. ಬರುತ್ತಾಳೆ ಎಂದೂ ಅಲ್ಲ, ಬರಬಹುದು. ದೊಡ್ಡಕ್ಕ ಹೋಗಿ ಆ ದಿಂಬನ್ನು ತಂದು ವಾಪಸ್ಸು ನಡುಮನೆಯ ಮಂಚಕ್ಕೆ ಹಾಕಿದಳು. ಬೇಕೆಂದು ಮಾಡಿದ್ದಲ್ಲ. ಇಷ್ಟು ವರ್ಷದಿಂದ ಕೈಗೆ ರೂಢಿಯಾದ ಕೆಲಸ, ಕೈ ಮಾಡಿತು.

ಚಿಕ್ಕಕ್ಕ ದಿಂಬು ನೋಡಿದಳು. ಮಂಚದ ಕೆಳಗಿನಿಂದ ಬ್ಯಾಗು ಎಳೆದಳು.

"ತಂಗಿ ಮನೆಗೆ ಹೋಗ್ತೀನಿ."

"ಯಾವಾಗ ಬರ್ತೀಯ?"

"ಗೊತ್ತಿಲ್ಲ. ಬರ್ತೀನೋ ಇಲ್ವೋ ಅದೂ ಗೊತ್ತಿಲ್ಲ. ನನಗೆ ಸಾಕಾಯ್ತು ಕಣೇ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ದೊಡ್ಡಕ್ಕನಿಗೆ ಅಷ್ಟು ದಿಗಿಲಾಗುತ್ತಿರಲಿಲ್ಲ. ಏಳಬೇಕು, ಕೈ ಹಿಡಿಯಬೇಕು, ಹೋಗಬೇಡ ಅನ್ನಬೇಕು ಅಂದುಕೊಂಡಳು. ಮಂಡಿ ಏಳಲಿಲ್ಲ. ಸಭೆಗಳಲ್ಲಿ ಅರಳು ಹುರಿದಂತೆ ಮಾತಾಡುವ ಬಾಯಿಯೂ ಏಳಲಿಲ್ಲ. ಬಾಗಿಲು ಮುಚ್ಚಿಕೊಂಡಿತು.

ಮೇಜಿನ ಮೇಲೆ ಅರ್ಧ ಬರೆದ ಅಂಕಣವಿತ್ತು. "ಮನೆ ಯಾರದು?" ಎಂದು ಅದರ ತಲೆಬರಹ. ದೊಡ್ಡಕ್ಕ ಅದನ್ನು ನೋಡುತ್ತ ಕೂತಳು. ಹೊರಗೆ ಬಿಸಿಲು ಇಳಿಯತೊಡಗಿತು. ಪತ್ರಿಕೆಯ ಸಂಪಾದಕಿ ಫೋನು ಮಾಡಿದಳು.

"ಪುಟ ಕಟ್ತಾ ಇದ್ದೀವಿ ಮೇಡಂ, ನಿಮ್ಮದೊಂದೇ ಬಾಕಿ."

"ಇಗೋ, ಮುಗೀತು," ಎಂದು ದೊಡ್ಡಕ್ಕ ಸುಳ್ಳು ಹೇಳುತ್ತಿರುವಾಗಲೇ ಕರೆಗಂಟೆ ಸದ್ದು ಮಾಡಿತು. ಕಿವಿಯಲ್ಲಿ ಫೋನು, ಕನ್ನಡಕ ಮೇಜಿನ ಮೇಲೆ. ಬಾಗಿಲು ತೆಗೆದರೆ ಇಳಿಬಿಸಿಲು ನೇರ ಕಣ್ಣಿಗೆ ಹೊಡೆಯಿತು. ತಲೆಮೇಲೆ ಶಾಲು ಹೊದ್ದು, ಬ್ಯಾಗು ಹಿಡಿದು, ಹೆಂಗಸೊಬ್ಬಳು ನಿಂತಿದ್ದಳು. ನರ್ಸ್ ಹೇಳಿದವಳು ಬಂದಳು ಎಂದುಕೊಂಡಳು ದೊಡ್ಡಕ್ಕ. ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದು, ಎಷ್ಟೋ ಸಲ ಹೇಳಿ ಬಾಯಿಪಾಠವಾದ ಮಾತನ್ನೇ ಹೇಳಿದಳು.

"ಬಾಮ್ಮ, ಒಳಗೆ ಬಾ. ಇಲ್ಲಿ ಯಾರೂ ನಿನ್ನ ಏನೂ ಕೇಳಲ್ಲ. ಆ ಕೋಣೆ ನಿನ್ನದು. ಒಳಗಿಂದ ಚಿಲಕ ಹಾಕ್ಕೋ. ಯಾವಾಗ ತೆಗೀಬೇಕು ಅನ್ನಿಸುತ್ತೋ ಆವಾಗ ತೆಗಿ."

ಹೆಂಗಸು ಒಂದು ಗಳಿಗೆ ಅಲ್ಲೇ ನಿಂತಳು. ಆಮೇಲೆ ಸದ್ದಿಲ್ಲದೆ ಒಳಗೆ ಬಂದು, ನೆಟ್ಟಗೆ ಒಳಕೋಣೆಗೆ ಹೋಗಿ, ಚಿಲಕ ಹಾಕಿಕೊಂಡಳು. ಸಂಪಾದಕಿಯ ಮಾತು ಮುಗಿಸಿದ ದೊಡ್ಡಕ್ಕ ಅಭ್ಯಾಸಬಲದಿಂದ ಅಡುಗೆಮನೆಯ ಕಡೆ ತಿರುಗಿ ಕೂಗಿದಳು. "ಏ, ಹೊಸಬರು ಬಂದಿದ್ದಾರೆ. ಊಟಕ್ಕೆ ಒಂದು ಪಾವು ಜಾಸ್ತಿ ಇಡು!"

ಅಡುಗೆಮನೆಯಲ್ಲಿ ಯಾರಿದ್ದಾರೆ? ಅದು ನೆನಪಾಗಿ ಅವಳು ಬಾಯಿ ಮುಚ್ಚುವಷ್ಟರಲ್ಲಿ ಮುಚ್ಚಿದ ಬಾಗಿಲ ಹಿಂದಿನಿಂದ ಮಾತು ಬಂತು.

"ನನಗೆ ಹಸಿವಿಲ್ಲ."

ದೊಡ್ಡಕ್ಕನಿಗೆ ಗುರುತು ಸಿಕ್ಕಿತು, ಅದು ಚಿಕ್ಕಕ್ಕನ ದನಿ. ಇಷ್ಟು ವರ್ಷ ಒಟ್ಟಿಗೆ ಬಾಳಿದವಳನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು, ಬಾಮ್ಮ ಅಂದು, ಮುಖವನ್ನೂ ನೋಡದೆ ಒಳಗೆ ಕಳಿಸಿದ್ದಳು. ಓಡಿಹೋಗಿ ಬಾಗಿಲಿಗೆ ಕೈ ಎತ್ತಿದಳು. ತಟ್ಟಕೂಡದು ಎಂಬ ಕಟ್ಟುಪಾಡು ಅವಳದೇ. ಕೈ ಇಳಿಸಿದಳು.

"ನೀನಾ?"

"ಏನೂ ಕೇಳಲ್ಲ ಅಂದ್ಯಲ್ಲ ಈಗ ತಾನೇ."

ದೊಡ್ಡಕ್ಕ ಕುರ್ಚಿ ಎಳೆದುಕೊಂಡು ಬಾಗಿಲ ಪಕ್ಕ ಕೂತಳು. ಒಳಗಿನವಳೇ ಮಾತಾಡಿದಳು.

"ಬಸ್ ಸ್ಟಾಪಲ್ಲಿ ಕೂತಿದ್ದೆ. ಬಸ್ಸು ಬಂತು, ಹತ್ತಲಿಲ್ಲ. ತಂಗಿ ಮನೇಲಿ ನನ್ನ ಎಲ್ಲಿ ಮಲಗಿಸ್ತಾಳೆ ಗೊತ್ತಾ? ನಡುಮನೇಲಿ." ನಕ್ಕಳೋ, ಮೂಗೊರೆಸಿಕೊಂಡಳೋ ತಿಳಿಯಲಿಲ್ಲ. "ಕೀ ಒಳಗೇ ಬಿಟ್ಟುಹೋಗಿದ್ದೆ. ನಿನ್ನ ಹತ್ರ ಚೆನ್ನಾಗಿ ಜಗಳ ಆಡೋಣ ಅಂತಲೇ ಗಂಟೆ ಒತ್ತಿದೆ. ನೀನು ನನ್ನ ಮುಖ ನೋಡ್ಲಿಲ್ಲ. ಆದ್ರೆ ಎಷ್ಟು ಚೆನ್ನಾಗಿ ಕರೆದೆ ಕಣೇ. ಆ ಮಾತು ಇಷ್ಟು ವರ್ಷ ಅಡುಗೆಮನೆಯಿಂದಲೇ ಕೇಳಿದ್ದೆ. ನನಗೆ ಅಂತ ಯಾರೂ ಹೇಳಿರ್ಲಿಲ್ಲ."

ದೊಡ್ಡಕ್ಕನಿಗೆ ಭೂಮಿ ಬಾಯ್ಬಿಟ್ಟರೆ ಸಾಕು ಅನ್ನಿಸಿತು. ಊರವರ ಹೆಣ್ಣುಮಕ್ಕಳಿಗೆಲ್ಲ ಜಾಗ ಕೊಟ್ಟೆ ಎಂದು ಬೀಗಿದವಳು, ಈ ಒಬ್ಬಳಿಗೆ ಬಚ್ಚಲುಮನೆ ಬಿಟ್ಟರೆ ಬೇರೆ ಏನು ಕೊಟ್ಟಳು? ಅದೂ ಬಂದವರು ಸ್ನಾನ ಮಾಡದಿದ್ದಾಗ.

"ನಾನು ಇಲ್ಲೇ ಇರ್ತೀನಿ," ಎಂದಳು. "ನೀನು ತೆಗೆದಾಗ ತೆಗಿ."

ಆಗ ಮತ್ತೆ ಕರೆಗಂಟೆ.

ಈ ಸಲ ದೊಡ್ಡಕ್ಕ ಕನ್ನಡಕ ಹಾಕಿಕೊಂಡೇ ಎದ್ದಳು. ಬಾಗಿಲಲ್ಲಿ ಇನ್ನೂ ಚಿಕ್ಕ ವಯಸ್ಸಿನ ಒಬ್ಬಳು, ಕೈಯಲ್ಲಿ ಬಟ್ಟೆಯ ಚೀಲ, ಊದಿದ ತುಟಿ. ಹಿಂದೆ ತಿರುಗಿ ತಿರುಗಿ ಬೀದಿ ನೋಡುತ್ತಿದ್ದಳು. "ನರ್ಸಕ್ಕ ಕಳಿಸಿದ್ರು. ಅಕ್ಕತಂಗೀರ ಮನೆ ಇದೇನಾ?"

"ಬಾಮ್ಮ, ಒಳಗೆ ಬಾ. ಇಲ್ಲಿ ಯಾರೂ ನಿನ್ನ ಏನೂ ಕೇಳಲ್ಲ. ಆ ಕೋಣೆ..." ದೊಡ್ಡಕ್ಕನ ಮಾತು ಅಲ್ಲಿಗೆ ನಿಂತಿತು.

ಒಳಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಚಿಕ್ಕಕ್ಕ ಏಳುತ್ತಿದ್ದಾಳೆ. ದೊಡ್ಡಕ್ಕ ಒಂದು ಮಾತು ಹೇಳಬೇಕಿಲ್ಲ. ಸುಮ್ಮನೆ ನಿಂತರೆ ಸಾಕು, ಎಂದಿನಂತೆ ಅವಳೇ ಬ್ಯಾಗು ಹಿಡಿದು ಹೊರಗೆ ಬರುತ್ತಾಳೆ, ಬಂದವಳ ಕೈಗೆ ಟವೆಲ್ಲು ಸೋಪು ಕೊಡುತ್ತಾಳೆ, ಗೋಡೆ ಪಕ್ಕದ ಮಂಚಕ್ಕೆ ಹೋಗುತ್ತಾಳೆ. ಆಮೇಲೆ ಒಂದು ದಿನ ಬಸ್ಸು ಬರುತ್ತದೆ, ಹತ್ತುತ್ತಾಳೆ. ಮಾವನ ಹಿಂದೆ ಹೋದ ಆ ಹಳೆಯ ಹುಡುಗಿಯ ಬೆನ್ನು ದೊಡ್ಡಕ್ಕನ ಕಣ್ಣಮುಂದೆ ಬಂತು. ಈ ಹುಡುಗಿಯೂ ಹಾಗೆ ಹೋದರೆ? ಆ ಊದಿದ ತುಟಿ ಹೊತ್ತು, ಬಂದ ದಾರಿಯಲ್ಲೇ? ದೊಡ್ಡಕ್ಕನಿಗೆ ಹೆದರಿಕೆಯಾಯಿತು. ಮೈಕಿನ ಮುಂದೆ ನಿಂತ ದಿನವೂ ಇಷ್ಟು ಹೆದರಿರಲಿಲ್ಲ.

"ಆ ಕೋಣೆ ಖಾಲಿ ಇಲ್ಲಮ್ಮ," ಎಂದಳು. "ಒಳಗೆ ನನ್ನವಳಿದ್ದಾಳೆ."

"ನಿಮ್ಮ ತಂಗಿನಾ?"

"ತಂಗಿ ಅಲ್ಲ. ಜನ ಹಾಗಂತಾರೆ, ನಾನೇ ಹಾಗೆ ಹೇಳಿಸಿದ್ದು. ಗಂಡ ಹೆಂಡ್ತಿ ಹೇಗೆ ಬಾಳ್ತಾರೋ ನಾವಿಬ್ರು ಹಾಗೆ ಬಾಳ್ತಾ ಇರೋರು. ಜಗಳವೂ ಆಡ್ತೀವಿ. ಇದು ನಮ್ಮ ಮನೆ, ಅದು ನಮ್ಮ ಕೋಣೆ. ನಿನಗೆ ನಡುಮನೇಲಿ ಮಂಚ ಇದೆ, ಊಟ ಇದೆ, ನಾವಿಬ್ರು ಇದ್ದೀವಿ. ಬೇಡ ಅನ್ನಿಸಿದ್ರೆ ನರ್ಸಿಗೆ ಫೋನ್ ಮಾಡ್ತೀನಿ, ಬೇರೆ ಜಾಗ ನೋಡೋಣ. ಒಬ್ಬಳನ್ನೇ ಮಾತ್ರ ಬೀದಿಗೆ ಕಳಿಸಲ್ಲ."

ಮಂಚದ ಕಿರುಗುಟ್ಟುವಿಕೆ ನಿಂತಿತ್ತು. ಹುಡುಗಿ ದೊಡ್ಡಕ್ಕನನ್ನು ನೋಡಿದಳು, ಒಳಕೋಣೆಯ ಬಾಗಿಲನ್ನು ನೋಡಿದಳು, ಗೋಡೆ ಪಕ್ಕದ ಮಂಚಗಳನ್ನು ನೋಡಿದಳು. ಹುಬ್ಬು ಗಂಟಿಕ್ಕಿತು. ಕೊನೆಗೆ ಕೇಳಿದ್ದು ಒಂದೇ ಮಾತು.

"ಈ ಹೊರಬಾಗಿಲಿಗೆ ಚಿಲಕ ಇದೆಯಾ?"

"ಇದೆ."

"ಹಾಗಾದ್ರೆ ಬೇಗ ಹಾಕಿ," ಎಂದು ಹುಡುಗಿ ಒಳಗೆ ಬಂದು ಚಿಲಕವನ್ನೇ ನೋಡುತ್ತ ನಿಂತಳು.

ದೊಡ್ಡಕ್ಕ ಹಾಕಿದಳು. ಹುಡುಗಿ ಹೋಗಿ ಅದನ್ನೊಮ್ಮೆ ತಾನೇ ಅಲ್ಲಾಡಿಸಿ ನೋಡಿ, ದೊಡ್ಡಕ್ಕನ ಮಂಚದ ತುದಿಯಲ್ಲಿ ಚೀಲ ತೊಡೆಮೇಲಿಟ್ಟುಕೊಂಡು ಕೂತಳು. ಕೂತವಳು ಹಾಗೆಯೇ ಗೋಡೆಗೊರಗಿ ಕಣ್ಣುಮುಚ್ಚಿದಳು. ಎಲ್ಲರೂ ಇವಳಂತೆಯೇ ಇರುತ್ತಾರೆಂದು ದೊಡ್ಡಕ್ಕನಿಗೇನೂ ನಂಬಿಕೆಯಿರಲಿಲ್ಲ. ನಾಳೆ ಬರುವವಳು ಮುಖ ಸಿಂಡರಿಸಿ ಹೊರಟುಹೋದರೂ ಹೋದಾಳು. ಆದರೆ ಇಷ್ಟು ವರ್ಷ ಬಂದವರಲ್ಲಿ ಎಷ್ಟು ಜನರಿಗೆ ಬೇಕಿದ್ದದ್ದು ಬರೀ ಚಿಲಕವೇ ಇದ್ದೀತು ಎಂದು ಅವಳು ಲೆಕ್ಕ ಹಾಕಲು ಹೋಗಿ, ಆಗದೆ ಬಿಟ್ಟಳು.

ಮೇಜಿನ ಮೇಲೆ ಫೋನು ಬಡಿದುಕೊಳ್ಳತೊಡಗಿತು. ಸಂಪಾದಕಿ. ದೊಡ್ಡಕ್ಕ ಅದರ ಕಡೆ ತಿರುಗಲಿಲ್ಲ.

ಒಳಕೋಣೆಯ ಚಿಲಕ ಸರಿಯಿತು. ಚಿಕ್ಕಕ್ಕ ಅರ್ಧ ಬಾಗಿಲು ತೆರೆದು ನಿಂತಿದ್ದಳು. ಕಣ್ಣು ಕೆಂಪಾಗಿತ್ತು, ತಲೆ ಕೆದರಿತ್ತು, ಕೈಯಲ್ಲಿ ಬ್ಯಾಗಿರಲಿಲ್ಲ. ಒರಗಿ ಕೂತ ಹುಡುಗಿಯನ್ನು ಒಮ್ಮೆ ನೋಡಿ, ದನಿ ತಗ್ಗಿಸಿ, "ಮುಖ ತೊಳ್ಕೊಳ್ಳಲಿ, ಊಟಕ್ಕೆ ಆಮೇಲೆ ಇಡೋಣ," ಎಂದಳು. ಆಮೇಲೆ ದೊಡ್ಡಕ್ಕನ ಕಡೆ ನೋಡಿದಳು. ಮಂಡಿ ಹಿಡಿದುಕೊಂಡು ನಿಂತಿದ್ದ, ಕನ್ನಡಕದೊಳಗೆ ನೀರು ತುಂಬಿಕೊಂಡಿದ್ದ ಆ ಮುದುಕಿಯನ್ನು ನೋಡಿ ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಬಾಮ್ಮ, ಒಳಗೆ ಬಾ," ಎಂದಳು ಚಿಕ್ಕಕ್ಕ. "ಇಲ್ಲಿ ಯಾರೂ ನಿನ್ನ ಏನೂ ಕೇಳಲ್ಲ."