ಒಂದೇ ಕುರ್ಚಿಯ ಕೋಣೆ

ಯಾರ ಮನೆಗೆ ಹೋದರೂ ಅವರು ಹೊಸ್ತಿಲು ದಾಟಿ ಎರಡು ಹೆಜ್ಜೆ ಒಳಗಿಟ್ಟ ಮೇಲೆ ಒಂದು ಚಪ್ಪಾಳೆ ತಟ್ಟುತ್ತಿದ್ದರು. ಒಂದೇ ಒಂದು. ಅಂಗೈಗಳನ್ನು ಎದೆಯ ಮಟ್ಟಕ್ಕೆ ತಂದು, ತುಸು ಬೊಗಸೆಯಾಗಿಸಿ, ಟಪ್ಪೆಂದು ಸದ್ದು ಹೊರಡಿಸಿ, ಆಮೇಲೆ ತಲೆಯನ್ನು ಪಕ್ಕಕ್ಕೆ ವಾಲಿಸಿ ಅದು ಗೋಡೆಗಳಿಗೆ ತಾಗಿ ಮರಳುವುದನ್ನು ಕಾಯುತ್ತಿದ್ದರು. ಮನೆಯವರು ಸೊಳ್ಳೆ ಹೊಡೆದರೆಂದು ತಿಳಿಯುತ್ತಿದ್ದರು. ಸಹೋದ್ಯೋಗಿಯೊಬ್ಬರ ಮಗು ನೋಡಲು ಹೋದಾಗಲೂ ಹಾಗೆಯೇ ಮಾಡಿ, ಆಗಷ್ಟೇ ಕಣ್ಣು ಮುಚ್ಚಿದ್ದ ಕೂಸನ್ನು ಎಬ್ಬಿಸಿ, ಅದರ ಅಜ್ಜಿಯಿಂದ ಸರಿಯಾಗಿ ಬೈಸಿಕೊಂಡರು. ಕೂಸು ಕಿರುಚುತ್ತಿದ್ದ ಹಾಗೆಯೇ ನನ್ನ ಕಡೆ ಬಾಗಿ, "ಈ ಕೋಣೆ ಪರವಾಗಿಲ್ಲ. ಆ ಮೂಲೆ ಮಾತ್ರ ಬರಿದಾಗಿದೆ. ಕೇಳಿಸಿತಾ?" ಎಂದರು.

"ಕೇಳಿಸಿತಾ?" ಎನ್ನುವುದು ಅವರ ಮಾತಿನ ಪೂರ್ಣವಿರಾಮ. ರಜಾ ಚೀಟಿಯ ವಿಷಯ ಹೇಳಿದರೂ, ಬಸ್ಸು ತಡವಾಯಿತೆಂದರೂ ಕೊನೆಗೆ ಅದೊಂದು ಇರಲೇಬೇಕು. ಎದುರಿನವರು ಹೂಂ ಎನ್ನುವವರೆಗೆ ಮುಂದಿನ ಮಾತಿಲ್ಲ.

ತೂಕ ಮತ್ತು ಅಳತೆಯ ಕಚೇರಿಯಲ್ಲಿ ಅವರು ಪರೀಕ್ಷಕರು. ಎದುರು ಮೇಜಿನ ಗುಮಾಸ್ತನಾಗಿ ಹದಿನಾಲ್ಕು ವರ್ಷ ನಾನು ಅವರನ್ನು ನೋಡಿದೆ. ಅಂಗಡಿಗಳ ತಕ್ಕಡಿ, ಬಟ್ಟು, ಅಳತೆಪಾತ್ರೆಗಳನ್ನು ಒರೆಗೆ ಹಚ್ಚಿ ಮುದ್ರೆ ಒತ್ತುವ ಕೆಲಸ. ಗುಲಗಂಜಿಯಷ್ಟು ಹೆಚ್ಚುಕಡಿಮೆಯನ್ನೂ ಬಿಡದವರಾದ್ದರಿಂದ ಕಚೇರಿಯಲ್ಲಿ ಅವರಿಗೆ ಗುಲಗಂಜಿ ಸಾಹೇಬರೆಂದೇ ಹೆಸರು. ಅವರಿಗೂ ಅದು ಗೊತ್ತಿತ್ತು, ಬೇಸರವಿರಲಿಲ್ಲ. ಬೇಸಿಗೆಯಲ್ಲೂ ಬಿಡದ ಕಂದು ಕೋಟು. ಅದರ ಬಲಜೇಬಿಗೆ ಒಳಗಿನಿಂದ ಉಣ್ಣೆಬಟ್ಟೆ ಹೊಲಿಸಿ, ಮೃದುವಾದ ಒಂದು ಕುಂಚವನ್ನೂ ಬೆರಳುದ್ದದ ಒಂದು ಪುಟ್ಟ ತಕ್ಕಡಿಯನ್ನೂ ಇಟ್ಟುಕೊಂಡಿದ್ದರು. ಕುಂಚ ಮನೆಯಲ್ಲಿದ್ದ ಹಾಡಿನ ರೆಕಾರ್ಡುಗಳ ಧೂಳಿಗೆ, ತಕ್ಕಡಿ ರೆಕಾರ್ಡಿನ ಮೇಲೆ ಕೂರುವ ಮುಳ್ಳಿನ ಭಾರಕ್ಕೆ. "ಒಂದೂ ಮುಕ್ಕಾಲು ಗ್ರಾಂ. ಹೆಚ್ಚಾದರೆ ರೆಕಾರ್ಡಿಗೆ ನೋವು, ಕಮ್ಮಿಯಾದರೆ ಹಾಡಿಗೆ ಭಯ," ಎಂದು ಒಮ್ಮೆ ಊಟದ ಹೊತ್ತಿನಲ್ಲಿ ಹೇಳಿದ್ದರು.

ಅವರ ನಡಿಗೆಯನ್ನೂ ಹೇಳಬೇಕು. ಮಹಡಿಯ ಮೇಲಿನ ಅವರ ಮನೆಗೆ ಮರದ ಹಲಗೆಯ ನೆಲ. ಜೋರಾಗಿ ಕಾಲಿಟ್ಟರೆ ಮುಳ್ಳು ಹಾರುತ್ತದೆ. ಅದಕ್ಕಾಗಿ ಮೊದಲು ಬೆರಳು, ಆಮೇಲೆ ಪಾದ, ಕೊನೆಗೆ ಹಿಮ್ಮಡಿ ಊರುವುದನ್ನು ರೂಢಿಸಿಕೊಂಡಿದ್ದರು. ವರ್ಷಗಳು ಕಳೆದಂತೆ ಆ ನಡಿಗೆ ಮನೆ ಬಿಟ್ಟು ಬೀದಿಗೂ ಕಚೇರಿಗೂ ಬಂದುಬಿಟ್ಟಿತ್ತು, ಜಗತ್ತಿನಲ್ಲಿ ಎಲ್ಲೋ ಒಂದು ರೆಕಾರ್ಡು ಸದಾ ತಿರುಗುತ್ತಿದೆ, ತಾವು ಅದನ್ನು ಅಲುಗಿಸಬಾರದು ಎನ್ನುವ ಹಾಗೆ. "ಒಂದು ಗೆಜ್ಜೆನಾದ್ರೂ ಕಟ್ಕೊಳ್ಳಿ ಸಾರ್, ಜೀವ ಹೋಗತ್ತೆ," ಎಂದು ಬೆರಳಚ್ಚಿನಾಕೆ ಎರಡು ಸಲ ಚಹಾ ಚೆಲ್ಲಿಕೊಂಡ ಮೇಲೆ ಗದರಿದ್ದಳು. ಆಕೆಯೇ ಇನ್ನೊಮ್ಮೆ, "ನನ್ನ ಫೋನಲ್ಲಿ ಹತ್ತು ಸಾವಿರ ಹಾಡಿದೆ ಸಾರ್, ನೀವು ಯಾಕೆ ಆ ತಟ್ಟೆ ತೊಳೀತಾ ಕೂರ್ತೀರಿ?" ಎಂದು ಕೆಣಕಿದಳು. ಅವರು ನಿಜವಾದ ಕುತೂಹಲದಿಂದ ಕೇಳಿದರು: "ಹೌದಾ? ನಿನ್ನೆ ಯಾವುದು ಕೇಳಿದ್ರಿ?" ಆಕೆಗೆ ನೆನಪಾಗಲಿಲ್ಲ. ಅವರು ಗೆದ್ದ ಮುಖ ಮಾಡಲಿಲ್ಲ. ಪಾಪ ಅನ್ನಿಸಿದವರ ಹಾಗೆ ಫೈಲು ತೆರೆದರು.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ನಾನು ಮೊದಲ ಬಾರಿ ಅವರ ಮನೆಗೆ ಹೋದೆ. ಹಿಂದಿನ ಕೋಣೆಯಲ್ಲಿ ಎದೆಯೆತ್ತರದ ಎರಡು ಧ್ವನಿಪೆಟ್ಟಿಗೆಗಳು, ನಡುವೆ ತಗ್ಗು ಮೇಜಿನ ಮೇಲೆ ರೆಕಾರ್ಡು ಯಂತ್ರ, ಅದರ ಪಕ್ಕ ನಮ್ಮಿಬ್ಬರಿಗಿಂತಲೂ ಹಿರಿಯದಾದ ಗಾಜಿನ ವಾಲ್ವುಗಳ ಆಂಪ್ಲಿಫಯರು. ಮುಚ್ಚಿಹೋದ ರೇಡಿಯೋ ಅಂಗಡಿಯೊಂದರ ಹಿಂಬದಿಯಿಂದ ಅದನ್ನು ತುಂಡು ತುಂಡಾಗಿ ತಂದು ಕೂಡಿಸಿದ್ದರು. ಅದು ಬಿಸಿಯಾಗಲು ಇಪ್ಪತ್ತು ನಿಮಿಷ. ಅಷ್ಟೂ ಹೊತ್ತು ಗಾಜಿನೊಳಗೆ ಕೆಂಡದ ಬಣ್ಣ ನಿಧಾನವಾಗಿ ಏರುವುದನ್ನು, ಹಾಲು ಉಕ್ಕುವುದನ್ನು ಕಾಯುವವರ ಹಾಗೆ, ನೋಡುತ್ತ ನಿಂತೆವು.

ನಿಂತೆವು, ಏಕೆಂದರೆ ಆ ಕೋಣೆಯಲ್ಲಿದ್ದುದು ಒಂದೇ ಕುರ್ಚಿ. ಅದರ ನಾಲ್ಕು ಕಾಲುಗಳೂ ಒಂದು ಕೂದಲೆಳೆ ಸರಿಯದಂತೆ ನೆಲಕ್ಕೆ ಹಿತ್ತಾಳೆಯ ಮೊಳೆ ಬಡಿದಿದ್ದರು. ನನ್ನನ್ನು ಅದರಲ್ಲಿ ಕೂರಿಸಿ, ಮುಳ್ಳನ್ನು ಇಳಿಸಿ, ಬೆರಳ ತುದಿಯಲ್ಲಿ ನಡೆದು ಹೊರಗೆ ಹೋಗಿಬಿಟ್ಟರು.

ಮೊದಲು ಸಣ್ಣ ಚಟಪಟ. ಆಮೇಲೆ ಉಸಿರು. ಹಾಡುವ ಮೊದಲು ಆ ಹೆಂಗಸು ಉಸಿರೆಳೆದುಕೊಂಡದ್ದು, ತುಟಿ ಬಿಡಿಸಿದ್ದು, ಹಿಂದೆಲ್ಲೋ ಯಾರೋ ಕೂತಲ್ಲೇ ಸರಿದದ್ದು. ಪೆಟ್ಟಿಗೆಗಳು ಮಾಯವಾದವು. ಎರಡರ ನಡುವಿನ ಬರಿಗೋಡೆಯ ಮುಂದೆ ಎಂದೋ ತೀರಿಕೊಂಡ ಒಬ್ಬಾಕೆ ಬಂದು ನಿಂತಳು. ಆ ದನಿಗೆ ಬೆಚ್ಚಗಿನ ಒಂದು ಅಂಚಿತ್ತು, ಮುಟ್ಟಿದರೆ ಸಿಕ್ಕೀತು ಅನ್ನಿಸುವಂಥದ್ದು. ರೆಕಾರ್ಡಿನ ಒಂದು ಬದಿ ಮುಗಿದಾಗ ಅವರು ಒಳಗೆ ಬಂದು ಕೇಳಿದರು: "ಎಲ್ಲಿ ನಿಂತಿದ್ದಳು?"

"ಸರಿಯಾಗಿ ಮಧ್ಯದಲ್ಲಿ."

"ಎತ್ತರ?"

"ನನ್ನ ಭುಜದಷ್ಟು."

ಅವರ ಮುಖ ಅರಳಿತು. ಒಟ್ಟಿಗೆ ಕೇಳಬಹುದಿತ್ತಲ್ಲ ಎಂದೆ. ತಲೆಯಾಡಿಸಿದರು. ಎರಡು ಪೆಟ್ಟಿಗೆಗಳ ಸದ್ದು ಸರಿಸಮನಾಗಿ ಬಂದು ಸೇರುವ ಜಾಗ ಆ ಕುರ್ಚಿಯೊಂದೇ. ಪಕ್ಕಕ್ಕೆ ಒಂದು ಮೊಳ ಸರಿದು ಕೂತರೂ ಹಾಡುವವಳು ಒಂದು ಪೆಟ್ಟಿಗೆಯೊಳಗೆ ಬಿದ್ದುಬಿಡುತ್ತಾಳೆ. "ಅದು ಒಬ್ಬರಿಗೆ ಮಾತ್ರ ಸಿಗೋ ಜಾಗ," ಎಂದರು. ಮೆಟ್ಟಿಲಿಳಿಯುವಾಗ ನನಗೆ ಹೊಳೆಯಿತು: ಇಷ್ಟು ವರ್ಷಗಳಲ್ಲಿ ಈ ಮನುಷ್ಯ ಯಾರ ಜೊತೆಗೂ ಕೂತು ಒಂದೂ ಹಾಡು ಕೇಳಿಲ್ಲ.

ಅವರಿಗೆ ಒಬ್ಬರೇ ಅಕ್ಕ. ಬೇರೊಂದು ಊರಿನ ಶಾಲೆಯಲ್ಲಿ ಲೆಕ್ಕದ ಮೇಡಮ್ಮು. ಅವರೂ ಒಂಟಿ. ನಿವೃತ್ತಿಯಾಗಿ ಶಾಲೆಯ ವಸತಿ ಬಿಡುವ ಕಾಲ ಬಂದಾಗ, ನಿವೃತ್ತ ಮಹಿಳೆಯರ ವಸತಿಗೃಹವೊಂದರಲ್ಲಿ ಜಾಗ ಗೊತ್ತುಮಾಡಿಕೊಂಡು, ಅಲ್ಲಿಗೆ ಹೋಗುವ ಮುಂಚೆ ಹದಿನೈದು ದಿನ ತಮ್ಮನ ಮನೆಗೆ ಬರುತ್ತೇನೆಂದು ಬರೆದಿದ್ದರು. ಅಂದು ಗುಲಗಂಜಿ ಸಾಹೇಬರು ನನ್ನ ಮೇಜಿನ ಬಳಿ ಬಂದು, ಬಟ್ಟೊಂದನ್ನು ಕೈಯಲ್ಲಿ ತಿರುಗಿಸುತ್ತ ನಿಂತರು.

"ಅವಳು ಇಲ್ಲೇ ಇದ್ದುಬಿಡಲಿ ಅಂತ ನನಗೆ ಆಸೆ. ಹೇಗೆ ಕೇಳೋದು ಗೊತ್ತಿಲ್ಲ. ನನ್ನ ಮೇಲೆ ಏನೋ ಸಿಟ್ಟು ಅವಳಿಗೆ. ಪಕ್ಕದಲ್ಲೇ ಕೂತು ಮಾತಾಡಿಸಿದರೂ ಎಷ್ಟೋ ಸಲ ಉತ್ತರ ಕೊಡಲ್ಲ, ಗೋಡೆ ನೋಡ್ತಾ ಇರ್ತಾಳೆ. ಹತ್ತು ವರ್ಷದಿಂದ ಹೀಗೇ." ಬಟ್ಟನ್ನು ಮೇಜಿನ ಮೇಲಿಟ್ಟು ಹೇಳಿದರು: "ಮೊದಲು ಒಂದು ಒಳ್ಳೆ ರೆಕಾರ್ಡು ಕೇಳಿಸ್ತೀನಿ. ಆಮೇಲೆ ಕೇಳ್ತೀನಿ."

ಆ ಸಲ ಅವರು "ಕೇಳಿಸಿತಾ?" ಎನ್ನಲಿಲ್ಲ.

ಅಕ್ಕ ಬಂದ ಹತ್ತನೆಯ ದಿನ ಒಂದು ಸಹಿಗಾಗಿ ಹೋದೆ. ಬಾಗಿಲು ತೆರೆದವರು ಅಕ್ಕನೇ: ಗಟ್ಟಿ ಮೈಕಟ್ಟು, ಕೊನೆಯ ಬೆಂಚಿಗೂ ತಲುಪುವ ದನಿ. "ನೀವೇನಾ ಎದುರು ಮೇಜಿನವರು? ಬನ್ನಿ. ಮೆಲ್ಲಗೆ ಕಾಲಿಡಿ, ಇಲ್ಲಿ ನೆಲಕ್ಕೂ ಹುಷಾರಿಲ್ಲ." ಸಾಹೇಬರು ಅಡಿಗೆಮನೆಯಲ್ಲಿ ಚಹಾ ಮಾಡುತ್ತಿದ್ದರು. ಅಕ್ಕ ನನ್ನನ್ನು ತಮ್ಮ ಎಡಕ್ಕೆ ಕೂರಿಸಿಕೊಂಡು, ಒಳಗಿನವರಿಗೂ ಕೇಳಲೆಂದು ಇನ್ನಷ್ಟು ಜೋರಾಗಿ ಕಥೆ ಶುರುಮಾಡಿದರು.

"ಬಂದ ದಿನವೇ ಆ ಸಿಂಹಾಸನದ ಮೇಲೆ ಕೂರಿಸಿದ. ಹಾಡು ಹಾಕಿ, ಮಧ್ಯದಲ್ಲಿ ನಿಂತಿದ್ದಾಳಾ ಅಕ್ಕ ಅಂತ ಕೇಳಿದ. ಇಲ್ಲ ಕಣೋ, ಎಲ್ಲಾ ಎಡಗಡೆಯಿಂದ ಬರ್ತಿದೆ ಅಂದೆ. ಅಷ್ಟೇ! ಊಟ ಬಿಟ್ಟ. ಪೆಟ್ಟಿಗೆ ಒಂದು ಬೆರಳು ಆ ಕಡೆ, ಅರ್ಧ ಬೆರಳು ಈ ಕಡೆ. ಮಾರನೇ ದಿನ ಆ ಗಾಜಿನ ಬುರುಡೆಗಳನ್ನೆಲ್ಲ ಬದಲಾಯಿಸಿದ. ಮೂರನೇ ದಿನ ಮುಳ್ಳು. ನಾಲ್ಕನೇ ದಿನ ತಂತಿಗಳನ್ನ ಅದಲುಬದಲು ಮಾಡಿದ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಈಗ? ಅಂದ. ಈಗಲೂ ಎಡಗಡೆಯಿಂದಲೇ ಅಂದೆ."

ಅಡಿಗೆಮನೆಯಲ್ಲಿ ಚಮಚದ ಸದ್ದು ನಿಂತಿತು.

ಆ ಪರೀಕ್ಷೆ ನನಗೂ ಗೊತ್ತಿತ್ತು, ಅವರೇ ಹೇಳಿಕೊಟ್ಟಿದ್ದರು. ತಂತಿ ಬದಲಿಸಿದಾಗ ದೋಷವೂ ಪಕ್ಕ ಬದಲಿಸಿದರೆ ಅದು ಯಂತ್ರದಲ್ಲಿದೆ. ಬದಲಿಸದಿದ್ದರೆ ಯಂತ್ರದಲ್ಲಿಲ್ಲ.

"ನೆಲದ ಮೇಲೆ ಕುಕ್ಕರಿಸಿ ಕೂತು ನನ್ನ ಮುಖ ನೋಡಿದ," ಎಂದರು ಅಕ್ಕ. "ಆಗ ಹೇಳಿದೆ. ನಿನ್ನ ಪೆಟ್ಟಿಗೆಗೆ ಏನೂ ಆಗಿಲ್ಲಪ್ಪ. ಜ್ವರ ಬಂದಿತ್ತಲ್ಲ, ಆಗಿನಿಂದ ನನಗೆ ಬಲಗಿವಿ ಇಲ್ಲ. ಹನ್ನೊಂದು ವರ್ಷ ಆಯ್ತು."

ಚಹಾದ ತಟ್ಟೆ ಹಿಡಿದು ಬಂದು ನಿಂತಿದ್ದ ತಮ್ಮ, ಹಲಗೆಯ ಸಂದಿನತ್ತ ನೋಡುತ್ತ, "ಮೊದಲನೇ ದಿನವೇ ಹೇಳಬಹುದಿತ್ತು," ಎಂದರು.

"ಹೇಳಬಹುದಿತ್ತು." ಅಕ್ಕನ ದನಿ ಮೊದಲ ಬಾರಿಗೆ ತಗ್ಗಿತು. "ನನ್ನ ಮುಂದೆ ಬಗ್ಗಿ ಬಗ್ಗಿ ಅದನ್ನ ಸರಿಮಾಡ್ತಾ, ಈಗ ಹೇಗಿದೆ ಅಕ್ಕ, ಈಗ ಹೇಗಿದೆ ಅಕ್ಕ ಅಂತಿದ್ದೆ. ಅಷ್ಟು ಸಲ ನನ್ನನ್ನ ಯಾರೂ ಕೇಳಿರಲಿಲ್ಲ ಕಣೋ. ಇನ್ನೊಂದು ದಿನ ಆಗಲಿ ಅಂತ ಸುಮ್ಮನಿದ್ದೆ."

ಊರಿನ ತಕ್ಕಡಿಗಳಲ್ಲಿ ಗುಲಗಂಜಿಯ ವ್ಯತ್ಯಾಸ ಹಿಡಿಯುತ್ತಿದ್ದವರು, ಸತ್ತ ಹಾಡುಗಾರ್ತಿಯ ಎತ್ತರ ಹೇಳಬಲ್ಲವರು, ಹನ್ನೊಂದು ವರ್ಷ ಅಕ್ಕನ ಬಲಕ್ಕೇ ಕೂತು ಮಾತಾಡಿಸಿ, ಉತ್ತರ ಬಾರದ್ದನ್ನು ಸಿಟ್ಟೆಂದು ತೂಗಿದ್ದರು.

ಹದಿನೈದನೆಯ ದಿನ ಅಕ್ಕ ಹೊರಟರು. ಬಸ್ ನಿಲ್ದಾಣದಲ್ಲಿ ಇವರು ಅವರ ಎಡಕ್ಕೆ ನಿಂತು, ಇಲ್ಲೇ ಇದ್ದುಬಿಡು ಎಂದು ಕೊನೆಗೂ ಕೇಳಿದರಂತೆ. ಅಕ್ಕ ತಕ್ಷಣ ಉತ್ತರ ಕೊಟ್ಟರಂತೆ. "ಮುಂಚೆ ಕೇಳಿದ್ದರೆ ಹೂಂ ಅಂತಿದ್ದೆನೋ ಏನೋ. ಈಗ ಅಲ್ಲಿ ಮಾತು ಕೊಟ್ಟಾಗಿದೆ. ನಿನ್ನ ಮನೆಯಲ್ಲಿ ನನಗೆ ಕೆಮ್ಮೋಕೂ ಹೆದರಿಕೆ ಕಣೋ. ಬರ್ತಾ ಇರ್ತೀನಿ ಬಿಡು."

ಆ ವಾರ ಸಾಹೇಬರು ಮೂರು ದಿನ ರಜೆ ಹಾಕಿದರು. ಮುಂದೆ ನಾನು ಹೋದಾಗ ಹಿತ್ತಾಳೆ ಮೊಳೆಗಳಿರಲಿಲ್ಲ. ಹಲಗೆಯಲ್ಲಿ ಅವುಗಳ ತೂತುಗಳಷ್ಟೇ ಇದ್ದವು. ಒಂದು ಪೆಟ್ಟಿಗೆ ಗೋಡೆಯ ನಡುವಿಗೆ ಬಂದಿತ್ತು, ಇನ್ನೊಂದು ಬಟ್ಟೆ ಹೊದ್ದು ಮೂಲೆ ಸೇರಿತ್ತು. ಎರಡು ಪಾಲಾಗಿ ಬರುತ್ತಿದ್ದ ಸದ್ದನ್ನು ಒಂದೇ ತಂತಿಗೆ ಕೂಡಿಸಿದ್ದರು. ಎದುರಿಗೆ ಎರಡು ಕುರ್ಚಿ.

"ಒಂದೇ ಪೆಟ್ಟಿಗೆ ಆದರೆ ಎಲ್ಲಿ ಕೂತರೂ ಒಂದೇ," ಎಂದರು.

"ಮತ್ತೆ ಅವಳು? ಮಧ್ಯದಲ್ಲಿ ನಿಲ್ಲೋಳು?"

"ಈಗ ಎಲ್ಲೂ ನಿಲ್ಲಲ್ಲ. ಪೆಟ್ಟಿಗೆಯೊಳಗಿಂದ ಹಾಡ್ತಾಳೆ."

ಮನೆಯಲ್ಲಿ ಒಬ್ಬರು ಹೋದ ಸುದ್ದಿಯನ್ನು ಹೇಳುವ ಹಾಗೆ ಹೇಳಿದರು. ನಾನು ಹತ್ತಿರದ ಕುರ್ಚಿಯಲ್ಲಿ ಕೂರಲು ಹೋದಾಗ, "ಅದಲ್ಲ," ಎಂದು ತಮ್ಮದನ್ನು ನನಗೆ ಬಿಟ್ಟುಕೊಟ್ಟು ತಾವು ನಿಂತರು. ಬಲಗಡೆಯದು ಅಕ್ಕನದು. ಖಾಲಿ ಕುರ್ಚಿಯ ಮೇಲೆ ಎಲ್ಲರೂ ಪೇಪರೋ ಟವೆಲ್ಲೋ ಹಾಕುತ್ತಾರೆ. ಇವರು ಅದರ ಮೇಲೆ ಏನನ್ನೂ ಇಡುತ್ತಿರಲಿಲ್ಲ.

ನಾಲ್ಕು ತಿಂಗಳ ಮೇಲೆ ಒಂದು ಶನಿವಾರ ಅಕ್ಕ ಬಂದರು. ಸೋಮವಾರ ಸಾಹೇಬರು ನೆಟ್ಟಗೆ ನನ್ನ ಮೇಜಿಗೆ ಬಂದರು. "ಊಟ ಆದ ಮೇಲೆ ಹಾಕಿದೆ. ಎರಡನೇ ಹಾಡಿಗೆ ನಿದ್ದೆ ಹೋದಳು. ಗೊರಕೆ. ಒಂದು ಬದಿ ಪೂರ್ತಿ."

ಹಾಡಿಗೆ ಅಡ್ಡಿಯೆಂದು ಪಕ್ಕದ ಕೋಣೆಯ ಗಡಿಯಾರದ ಟಿಕ್ಕನ್ನೂ ಸಹಿಸದೆ ಅದನ್ನು ಕಿತ್ತಿಟ್ಟ ಮನುಷ್ಯ. "ಬೇಜಾರಾಗಲಿಲ್ವಾ?" ಎಂದೆ.

ಅವರು ತಲೆಯನ್ನು ಪಕ್ಕಕ್ಕೆ ವಾಲಿಸಿದರು, ಆ ಗೊರಕೆ ಈಗಲೂ ಕೇಳುತ್ತಿದೆಯೇನೋ ಎಂಬಂತೆ. "ಹಾಡು ಮುಂದಿನಿಂದ. ಅವಳು ಬಲಗಡೆಯಿಂದ. ತುಂಬಾ ಸ್ಪಷ್ಟವಾಗಿತ್ತು." ಅಕ್ಕ ಐದು ಗಂಟೆಯ ಬಸ್ಸಿಗೆ ಹೊರಟುಹೋಗಿದ್ದರು. ಆಮೇಲೂ ವರ್ಷಕ್ಕೆ ಎರಡು ಮೂರು ಸಲ ಬಂದರು, ಅದೇ ಬಸ್ಸಿಗೆ ಹೋದರು. ಉಳಿದ ದಿನಗಳಲ್ಲೂ ಆ ಇನ್ನೊಂದು ಪೆಟ್ಟಿಗೆಯ ಬಟ್ಟೆಯನ್ನು ಇವರು ತೆಗೆಯಲಿಲ್ಲ.

ಇಂಥವರನ್ನು ಆಮೇಲೆ ಬೇರೆಡೆಯೂ ಕಂಡಿದ್ದೇನೆ: ಒಳ್ಳೆಯ ಬಟ್ಟಲುಗಳನ್ನು ಒರೆಸಿ ಒರೆಸಿ ಬೀರುವಿನಲ್ಲಿಡುವವರು, ಯಾರೂ ತುಳಿಯದಂತೆ ಹುಲ್ಲು ಬೆಳೆಸುವವರು. ವಸ್ತುಗಳ ಹುಚ್ಚಿನಲ್ಲಿ ಮನುಷ್ಯರನ್ನು ಮರೆತವರೆಂದು ನಾವು ಅವರನ್ನು ನೋಡಿ ನಗುತ್ತೇವೆ. ನನಗೆ ಈಗ ಹಾಗನ್ನಿಸುವುದಿಲ್ಲ. ಅವರು ಬದುಕೆಲ್ಲ ಯಾರೋ ಬರುತ್ತಾರೆಂದು ಅಣಿಮಾಡುತ್ತಿರುತ್ತಾರೆ. ಅಣಿ ಮುಗಿಯುವಷ್ಟರಲ್ಲಿ ಬರುವವರಿಗೆ ಕೂರಲು ಜಾಗ ಉಳಿದಿರುವುದಿಲ್ಲ. ಗುಲಗಂಜಿ ಸಾಹೇಬರೇ ಒಮ್ಮೆ ಹೇಳಿದ್ದರು: ಜನರಿರುವ ಕೋಣೆಯಲ್ಲಿ ಚಪ್ಪಾಳೆ ಮೈಗಳಲ್ಲಿ, ಬಟ್ಟೆಗಳಲ್ಲಿ ಇಂಗಿಹೋಗುತ್ತದೆ, ಗಟ್ಟಿಯಾಗಿ ಮರಳುವುದು ಖಾಲಿ ಕೋಣೆಯಲ್ಲಿ ಮಾತ್ರ. ಹೋದ ಹೋದ ಮನೆಯಲ್ಲೆಲ್ಲ ತಲೆ ವಾಲಿಸಿ ಅವರು ಕಾಯುತ್ತಿದ್ದುದು, ಬಹುಶಃ, ಒಮ್ಮೆಯಾದರೂ ಅದು ಮರಳದಿರಲಿ ಎಂದು.